ರೂಢಿ, ಗ್ರಂಥ ಮತ್ತು ನ್ಯಾಯಪೀಠ: ಜೈನ ದಾಯಕ್ರಮದ ಇತಿಹಾಸದಿಂದ ಕೆಲವು ಪುಟಗಳು

ಯಾವುದೇ ಸಮಾಜದ ಧರ್ಮಕ್ಕೆ ತತ್ತ್ವದ ಮುಖವೊಂದು, ವ್ಯವಹಾರದ ಮುಖವೊಂದು ಉಂಟು. ತತ್ತ್ವವನ್ನು ಕುರಿತ ಲೇಖನಗಳಿಗೆ ನಮ್ಮ ಪತ್ರಿಕೆಗಳಲ್ಲಿ ಕೊರತೆಯಿಲ್ಲ. ಆದರೆ ಗೃಹಸ್ಥನೊಬ್ಬನು ಕಾಲವಶನಾದಾಗ ಅವನ ಮನೆ, ಅಂಗಡಿ, ಹೊಲಗಳು ಯಾರಿಗೆ ಸೇರತಕ್ಕವು, ಸಂತಾನವಿಲ್ಲದ ಅವನ ಪತ್ನಿಯು ದತ್ತಕ ಸ್ವೀಕರಿಸಬಹುದೇ, ಸ್ವೀಕರಿಸುವುದಾದರೆ ಯಾರ ಅನುಮತಿ ಬೇಕು ಎಂಬ ಪ್ರಶ್ನೆಗಳಿಗೆ ಶ್ರಾವಕ ಸಮಾಜವು ಯಾವ ಉತ್ತರ ಕೊಟ್ಟುಕೊಂಡು ಬಂದಿತ್ತು, ಆ ಉತ್ತರವನ್ನು ಸರಕಾರದ ನ್ಯಾಯಾಲಯಗಳು ಹೇಗೆ ಅಳೆದು ನೋಡಿದವು ಎಂಬುದನ್ನು ಕುರಿತು ಕನ್ನಡದಲ್ಲಿ ಬರೆದವರು ವಿರಳ. ಪ್ರಸ್ತುತ ಲೇಖನದಲ್ಲಿ ಈ ವಿಷಯವನ್ನು ಯಥಾಶಕ್ತಿ ವಿವೇಚಿಸಲಾಗಿದೆ. ಲೇಖಕನು ನ್ಯಾಯಶಾಸ್ತ್ರ ಓದಿದವನಲ್ಲ. ವಾಣಿಜ್ಯ ಪದವೀಧರನಾದ ವ್ಯಾಪಾರಿ. ಆದರೆ ಲೆಕ್ಕದ ಪುಸ್ತಕವಿದ್ದೂ ಸಾಕ್ಷಿಯಿಲ್ಲದೆ ಬಾಕಿ ವಸೂಲಾಗದ ಅನುಭವ ಪ್ರತಿಯೊಬ್ಬ ವ್ಯಾಪಾರಿಗೂ ಉಂಟಾದ್ದರಿಂದ, ಪುರಾವೆ ಎಂಬ ಮಾತಿನ ಭಾರ ಎಷ್ಟೆಂಬುದು ನಮ್ಮಂಥವರಿಗೆ ತಿಳಿಯದ್ದೇನೂ ಅಲ್ಲ.

ಮೊದಲು ನಮ್ಮ ನಾಡಿನ ಒಂದು ಹಳೆಯ ವ್ಯಾಜ್ಯವನ್ನು ನೋಡೋಣ. 1368ರಲ್ಲಿ ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದ ಹುಟ್ಟಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ನಾಡುಗಳ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅದರ ನಿರ್ಣಯವನ್ನು ಶ್ರವಣಬೆಳಗೊಳದ ಶಾಸನದಲ್ಲಿ ಕೆತ್ತಿಸಿದ್ದಾರೆ. ಅರಸನು ಹದಿನೆಂಟು ನಾಡುಗಳ ವೈಷ್ಣವರ ಸಮಕ್ಷಮದಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇರಿಸಿದನು. ಜೈನ ದರ್ಶನಕ್ಕೆ ಪಂಚಮಹಾವಾದ್ಯ ಮತ್ತು ಕಲಶಗಳ ಮರ್ಯಾದೆ ಪೂರ್ವದಲ್ಲಿ ಇದ್ದಂತೆಯೇ ಸಲ್ಲತಕ್ಕದ್ದೆಂದು ವಿಧಿಸಿದನು. ಅಷ್ಟಕ್ಕೇ ನಿಲ್ಲದೆ ವ್ಯವಹಾರದ ಕಟ್ಟುಪಾಡೂ ಆಯಿತು. ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡುವುದು, ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಅಂಗರಕ್ಷಕರನ್ನು ನೇಮಿಸುವುದು, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವುದು ಎಂದು ನಿಶ್ಚಯವಾಯಿತು. ಜೈನರ ಹಣ, ವೈಷ್ಣವನ ಮೇಲ್ವಿಚಾರಣೆ! ಇದನ್ನು ಗೊತ್ತುಮಾಡಿದವರು ಮನುಷ್ಯಸ್ವಭಾವವನ್ನು ಬಲ್ಲವರೇ ಇರಬೇಕು.

ಇಲ್ಲಿ ಒಂದು ಅಂಶವನ್ನು ವಾಚಕರು ವಿಶೇಷವಾಗಿ ಗಮನಿಸತಕ್ಕದ್ದು. ನಿರ್ಣಯವು ಆಧರಿಸಿದ್ದು ಪೂರ್ವದಿಂದ ನಡೆದುಬಂದ ಮರ್ಯಾದೆಯನ್ನು. ಎರಡೂ ಪಕ್ಷದವರು ಎದುರಿಗೇ ಇದ್ದರು, ಮುಂದೆಯೂ ಅವರು ಒಂದೇ ಊರುಗಳಲ್ಲಿ ಬಾಳಬೇಕಾಗಿತ್ತು. ಯಾವ ಗ್ರಂಥದ ಎಷ್ಟನೆಯ ಶ್ಲೋಕದಲ್ಲಿ ಪಂಚಮಹಾವಾದ್ಯದ ಪ್ರಸ್ತಾಪವಿದೆ ಎಂಬ ಮಾತು ಆ ಶಾಸನದಲ್ಲಿ ಎಲ್ಲಿಯೂ ಬರುವುದಿಲ್ಲ.

ಇಂಗ್ಲಿಷರ ಆಳ್ವಿಕೆಯಲ್ಲಿ ಈ ಕ್ರಮ ಬದಲಾಯಿತು. 1772ರಲ್ಲಿ ವಾರನ್ ಹೇಸ್ಟಿಂಗ್ಸನು ಬಂಗಾಳದಲ್ಲಿ ಜಾರಿಗೆ ತಂದ ಯೋಜನೆಯಂತೆ ದಾಯ, ವಿವಾಹ, ಜಾತಿ, ಧಾರ್ಮಿಕ ಆಚಾರಗಳ ವ್ಯಾಜ್ಯಗಳಲ್ಲಿ ಮುಸಲ್ಮಾನರಿಗೆ ಕುರಾನಿನ ಕಾನೂನು, ಹಿಂದೂಗಳಿಗೆ ಶಾಸ್ತ್ರದ ಕಾನೂನು ಎಂದಾಯಿತು. ನ್ಯಾಯಾಧೀಶರು ಪರದೇಶಿಗಳು, ಜನರ ನಡವಳಿಕೆ ಅವರಿಗೆ ತಿಳಿಯದು, ಆದ್ದರಿಂದ ಪುಸ್ತಕ ಬೇಕಾಯಿತು, ಪುಸ್ತಕ ಓದಿ ಹೇಳಲು ಪಂಡಿತರೂ ಮೌಲವಿಗಳೂ ಬೇಕಾದರು. ಈ ಎರಡು ಖಾನೆಗಳಲ್ಲಿ ಜೈನರು ಯಾವುದಕ್ಕೆ ಸೇರಿದವರು? ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ವ್ಯಾಜ್ಯ ಬಂದಾಗ ಹಿಂದೂಗಳ ಖಾನೆಯಲ್ಲಿ ಅವರ ಹೆಸರು ಬರೆದುಕೊಂಡರು.

ಆದರೆ ದತ್ತಕದ ವಿಷಯದಲ್ಲಿ ಇದರಿಂದ ಬಹಳ ದೊಡ್ಡ ತೊಡಕು ಉಂಟಾಯಿತು. ಧರ್ಮಶಾಸ್ತ್ರಕಾರರ ಮತದಲ್ಲಿ ಪುತ್ರನೆಂದರೆ ಪಿತೃಗಳಿಗೆ ಪಿಂಡ ಕೊಡುವವನು, ಅವನಿಲ್ಲದೆ ಸದ್ಗತಿಯಿಲ್ಲ. ಆದಕಾರಣ ದತ್ತಕವು ಒಂದು ಧಾರ್ಮಿಕ ಕರ್ಮ. ಅದು ಗಂಡನಿಗಾಗಿ ನಡೆಯುವಂಥದ್ದು. ಅವನ ಅನುಮತಿಯಿಲ್ಲದೆ, ಅಥವಾ ದಕ್ಷಿಣದ ಕ್ರಮದಂತೆ ಅವನ ಸಪಿಂಡರ ಒಪ್ಪಿಗೆಯಿಲ್ಲದೆ, ವಿಧವೆಯು ಅದನ್ನು ನೆರವೇರಿಸುವಂತಿಲ್ಲ. ಜೈನ ಸಿದ್ಧಾಂತವಾದರೋ ಇದರ ಮೂಲವನ್ನೇ ಒಪ್ಪುವುದಿಲ್ಲ. ತನ್ನ ಕರ್ಮವನ್ನು ತಾನೇ ಸವೆಸಬೇಕು. ಮಗನು ಇಟ್ಟ ಪಿಂಡವು ತಂದೆಯ ಕರ್ಮಬಂಧವನ್ನು ಸಡಿಲಿಸಲಾರದು. ಹೀಗಿರುವಾಗ ದತ್ತಕವೆಂಬುದು ಶುದ್ಧ ಲೌಕಿಕ ವ್ಯವಸ್ಥೆ. ಮನೆತನ ಮುಂದುವರಿಯಬೇಕು, ವ್ಯಾಪಾರ ನಿಲ್ಲಬಾರದು, ಮುಪ್ಪಿನಲ್ಲಿ ವಿಧವೆಗೆ ಆಸರೆ ಬೇಕು ಎಂಬುದಷ್ಟೇ ಅದರ ಪ್ರಯೋಜನ. ಹೋಮ ಬೇಕಿಲ್ಲ, ಹುಡುಗನ ವಯಸ್ಸಿಗೆ ಕಟ್ಟುನಿಟ್ಟಿಲ್ಲ, ಪತಿಯ ಸ್ಥಾನದಲ್ಲಿ ನಿಂತ ಪತ್ನಿಗೆ ಇನ್ನೊಬ್ಬರ ಅಪ್ಪಣೆಯ ಅಗತ್ಯವೂ ಇಲ್ಲ. ಹೀಗೆ ನೋಡಿದರೆ ವಿಧವೆಯ ಹಕ್ಕು ಕರ್ಮಸಿದ್ಧಾಂತದಿಂದಲೇ ಹೊರಟ ಹಕ್ಕು. ತತ್ತ್ವ ಮತ್ತು ವ್ಯವಹಾರ ಬೇರೆ ಬೇರೆ ಎಂದು ತಿಳಿದವರು ಇದನ್ನು ಆಲೋಚಿಸಬೇಕು.

1833ರಲ್ಲಿ ಕಲ್ಕತ್ತೆಯ ಸದರ್ ದಿವಾನಿ ಅದಾಲತ್ತಿನ ಮುಂದೆ ಗೋವಿಂದನಾಥ ರಾಯ ಮತ್ತು ಗುಲಾಲಚಂದರ ವ್ಯಾಜ್ಯ ಬಂದಾಗ, ಪುತ್ರಹೀನಳಾದ ಜೈನ ವಿಧವೆಯು ಜೈನ ಶಾಸ್ತ್ರದಂತೆ ದತ್ತಕ ಸ್ವೀಕರಿಸಬಹುದೆಂದು ಆ ನ್ಯಾಯಾಲಯವು ಒಪ್ಪಿತು. ಆರಂಭ ಶುಭವೇ ಆಗಿತ್ತು. ಆದರೆ 1873ರಲ್ಲಿ ಭಗವಾನದಾಸ ತೇಜಮಲ್ ಪ್ರಕರಣದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ವೆಸ್ಟ್ರಾಪ್ ಅವರು, ವಿಶೇಷ ರೂಢಿಯನ್ನು ಸಿದ್ಧಪಡಿಸಿದ ಹೊರತು ಜೈನರಿಗೆ ಸಾಮಾನ್ಯ ಹಿಂದೂ ಕಾನೂನೇ ಅನ್ವಯಿಸತಕ್ಕದ್ದೆಂದು ತೀರ್ಪಿತ್ತರು. ಸಿದ್ಧಪಡಿಸುವ ಭಾರ ಜೈನರ ತಲೆಯ ಮೇಲೆ ಬಿತ್ತು.

ರೂಢಿಗೆ ಬೆಲೆಯೇ ಇರಲಿಲ್ಲವೆಂದು ಇದರ ಅರ್ಥವಲ್ಲ. ರಾಮನಾಡಿನ ಸಂಸ್ಥಾನದ ವ್ಯಾಜ್ಯದಲ್ಲಿ 1868ರಷ್ಟು ಹಿಂದೆಯೇ ಲಂಡನ್ನಿನ ಪ್ರಿವಿ ಕೌನ್ಸಿಲ್, ಸ್ಪಷ್ಟವಾಗಿ ಸಿದ್ಧವಾದ ರೂಢಿಯು ಲಿಖಿತ ಶಾಸ್ತ್ರಕ್ಕಿಂತ ಬಲವಾದದ್ದೆಂದು ಹೇಳಿಬಿಟ್ಟಿತ್ತು. ಮಾತು ಉದಾರವಾದದ್ದು, ಆದರೆ ‘ಸ್ಪಷ್ಟವಾಗಿ ಸಿದ್ಧವಾದ’ ಎಂಬ ವಿಶೇಷಣದಲ್ಲಿ ಕಷ್ಟವೆಲ್ಲ ಅಡಗಿತ್ತು. ರೂಢಿಯು ಪ್ರಾಚೀನವಾಗಿರಬೇಕು, ನಿಶ್ಚಿತವಾಗಿರಬೇಕು, ಅವಿಚ್ಛಿನ್ನವಾಗಿರಬೇಕು, ವಿವೇಕಕ್ಕೆ ವಿರುದ್ಧವಾಗಿರಬಾರದು. 1872ರ ಸಾಕ್ಷ್ಯ ಅಧಿನಿಯಮದ 13ನೆಯ ಕಲಮಿನಂತೆ ಆ ರೂಢಿಯನ್ನು ಹಿಂದೆ ಯಾರು ಯಾವಾಗ ಆಚರಿಸಿದರು, ಯಾವಾಗ ಅದು ವಿವಾದಕ್ಕೊಳಗಾಯಿತು ಎಂಬ ನಿರ್ದಿಷ್ಟ ನಿದರ್ಶನಗಳನ್ನು ಮುಂದಿಡಬೇಕಾಗಿತ್ತು. 48ನೆಯ ಕಲಮಿನಂತೆ ಅದನ್ನು ಬಲ್ಲವರ ಅಭಿಪ್ರಾಯ ಹೇಳಿಸಬೇಕಾಗಿತ್ತು. ಇಂಥ ಮನೆಯಲ್ಲಿ, ಇಂಥ ಸಂವತ್ಸರದಲ್ಲಿ, ಇಂಥ ವಿಧವೆ ದತ್ತಕ ಸ್ವೀಕರಿಸಿದಳು ಎಂದು ಯಾರು ಬರೆದಿಟ್ಟುಕೊಂಡಿದ್ದಾರೆ? ವ್ಯಾಜ್ಯವಿಲ್ಲದೆ ಸುಗಮವಾಗಿ ನಡೆದ ಸಂಗತಿಗೆ ದಾಖಲೆ ಹುಟ್ಟುವುದೇ ಇಲ್ಲ. ಹೀಗಾಗಿ ಎಲ್ಲರೂ ಒಪ್ಪಿ ನಡೆದ ರೂಢಿಗಿಂತ ಜಗಳ ಹುಟ್ಟಿಸಿದ ರೂಢಿಗೇ ನ್ಯಾಯಾಲಯದಲ್ಲಿ ಪುರಾವೆ ಹೆಚ್ಚು.

ಆ ಪರೀಕ್ಷೆಯಲ್ಲಿ ಗೆದ್ದವರೂ ಉಂಟು. ವಾಯವ್ಯ ಪ್ರಾಂತ್ಯದ ಅಗರವಾಲ ಜೈನ ಕುಟುಂಬದ ದಾಖೋ ಎಂಬ ವಿಧವೆಯ ಹಕ್ಕನ್ನು ಶಿವಸಿಂಗ ರಾಯನೆಂಬವನು ಪ್ರಶ್ನಿಸಿದಾಗ, ಹಲವು ಊರುಗಳ ಜೈನ ಸಾಕ್ಷಿಗಳು ತಮ್ಮ ತಮ್ಮಲ್ಲಿ ನಡೆದದ್ದನ್ನು ನುಡಿದರು. 1878ರಲ್ಲಿ ಪ್ರಿವಿ ಕೌನ್ಸಿಲ್ ಅವಳ ಪರವಾಗಿ ತೀರ್ಪಿತ್ತಿತು. ಪತಿಯ ಸ್ವಯಾರ್ಜಿತ ಆಸ್ತಿಯಲ್ಲಿ ಪುತ್ರಹೀನ ವಿಧವೆಗೆ ಪೂರ್ಣಾಧಿಕಾರವುಂಟು, ಪತಿಯ ಅನುಮತಿಯಿಲ್ಲದೆ ಅವಳು ದತ್ತಕ ಸ್ವೀಕರಿಸಬಹುದು ಎಂಬುದು ಸಿದ್ಧವಾಯಿತು. ಆ ಕಾಲದಲ್ಲಿ ಇತರ ಹಿಂದೂ ವಿಧವೆಯರಿಗೆ ಪತಿಯ ಆಸ್ತಿಯಲ್ಲಿ ಬದುಕಿರುವವರೆಗಿನ ಸೀಮಿತ ಹಕ್ಕು ಮಾತ್ರ ಇತ್ತೆಂಬುದನ್ನು ನೆನೆದರೆ ಈ ತೀರ್ಪಿನ ಮಹತ್ತ್ವ ತಿಳಿಯುತ್ತದೆ. ಹಲವು ಬಗೆಯ ಆಚಾರಗಳಿಗೆ ಎಡೆಗೊಟ್ಟ ಭಾರತದಲ್ಲಿ ಜೈನರಂಥ ದೊಡ್ಡ ಸಮಾಜಕ್ಕೆ, ನಿಶ್ಚಿತವಾಗಿ ತಿಳಿಯಬಹುದಾದ ಅದರ ಆಚಾರಗಳನ್ನು ನಿರಾಕರಿಸಿದ್ದರೆ ಅದೇ ಆಶ್ಚರ್ಯವಾಗುತ್ತಿತ್ತೆಂಬ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ಆದರೆ ರೂಢಿಯನ್ನು ಹೇಳುವವನೇ ಸಿದ್ಧಪಡಿಸಬೇಕೆಂಬ ನಿಯಮವನ್ನು ಅದೇ ವರ್ಷ ಛೋಟೇಲಾಲ್–ಚುನ್ನೂಲಾಲ್ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಮತ್ತೆ ದೃಢಪಡಿಸಿತು.

ದಕ್ಷಿಣದಲ್ಲಿ ಏನಾಯಿತೆಂದು ಈಗ ನೋಡಬೇಕು. ಮದ್ರಾಸ್ ಪ್ರಾಂತ್ಯದ ಜೈನ ವಿಧವೆಯೊಬ್ಬಳ ದತ್ತಕದ ಪ್ರಶ್ನೆ ಪೆರಿಯಮ್ಮಾಣಿ–ಕೃಷ್ಣಸಾಮಿ ಪ್ರಕರಣದಲ್ಲಿ 1892ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಅನುಮತಿಯಿಲ್ಲದೆ ದತ್ತಕ ಸ್ವೀಕರಿಸುವ ರೂಢಿ ಈ ಪ್ರಾಂತ್ಯದ ಜೈನರಲ್ಲಿ ಸಿದ್ಧವಾಗಿಲ್ಲವೆಂದು ತೀರ್ಪಾಯಿತು. ಅಂದಿನಿಂದ ಕಾನೂನಿನ ಪುಸ್ತಕಗಳಲ್ಲಿ ಜೈನ ವಿಧವೆಗೆ ಈ ಅಧಿಕಾರವುಂಟು, ಮದ್ರಾಸ್ ಪ್ರಾಂತ್ಯದ ಹೊರತು ಎಂಬ ವಾಕ್ಯ ಅಚ್ಚಾಗತೊಡಗಿತು. ಅದೇ ಜಿನ, ಅದೇ ಕರ್ಮಸಿದ್ಧಾಂತ, ಅದೇ ವೈಧವ್ಯ. ಉತ್ತರದಲ್ಲಿ ಸಾಕ್ಷಿಗಳು ಬಂದರು, ದಕ್ಷಿಣದಲ್ಲಿ ಪುರಾವೆ ಸಾಲಲಿಲ್ಲ. ಬೆಳಗಾವಿ, ಧಾರವಾಡಗಳ ವಿಧವೆಯರ ಸ್ಥಿತಿ ಮತ್ತೊಂದು ಬಗೆ. ಮುಂಬಯಿ ಪ್ರಾಂತ್ಯದ ಹಿಂದೂ ಕಾನೂನಿನಲ್ಲೇ ವಿಭಕ್ತನಾದ ಪತಿಯ ವಿಧವೆಗೆ, ಅವನು ನಿಷೇಧಿಸದಿದ್ದರೆ, ದತ್ತಕಾಧಿಕಾರವಿದ್ದುದರಿಂದ ಅವರಿಗೆ ಜೈನ ರೂಢಿಯನ್ನು ಎತ್ತಿ ಹೇಳುವ ಅಗತ್ಯವೇ ಅಷ್ಟಾಗಿ ಬೀಳಲಿಲ್ಲ.

ನಮ್ಮ ಬೂದಿಕೋಟೆಯನ್ನು ಇತಿಹಾಸ ಪುಸ್ತಕಗಳು ಹೈದರಾಲಿಯ ಜನ್ಮಸ್ಥಳವೆಂದಷ್ಟೇ ಸ್ಮರಿಸುತ್ತವೆ. ಮೈಸೂರು ಸಂಸ್ಥಾನದ ಅಂಚಿನ ಊರು. ಸ್ವಲ್ಪ ದೂರ ಹೋದರೆ ಮದ್ರಾಸ್ ಪ್ರಾಂತ್ಯ. ಬಂಗಾರಪೇಟೆಗೂ ಚಿನ್ನದ ಗಣಿಗಳಿಗೂ ವ್ಯಾಪಾರಕ್ಕೆಂದು ಬಂದ ಜೈನರು ಹಲವು ಸೀಮೆಯವರು. ಬೇರೆ ಪ್ರಾಂತ್ಯಕ್ಕೆ ವಲಸೆ ಹೋದ ಕುಟುಂಬವು ತನ್ನ ಮೂಲ ಸ್ಥಳದ ಕಾನೂನನ್ನೂ ಆಚಾರವನ್ನೂ ಜೊತೆಯಲ್ಲಿ ಕೊಂಡೊಯ್ಯುತ್ತದೆ, ಅದನ್ನು ತೊರೆದದ್ದು ಸಿದ್ಧವಾಗುವವರೆಗೆ ಅದೇ ಅನ್ವಯಿಸುತ್ತದೆ ಎಂಬುದು ನ್ಯಾಯಾಲಯಗಳು ಒಪ್ಪಿದ ತತ್ತ್ವ. ಅದರಂತೆ 1956ಕ್ಕೆ ಮುಂಚೆ ಬಂಗಾರಪೇಟೆಯ ಒಂದೇ ಬೀದಿಯಲ್ಲಿ ಮಾರವಾಡ ಮೂಲದ ವಿಧವೆಗೂ ತಮಿಳು ಸೀಮೆಯ ಜೈನ ವಿಧವೆಗೂ ಕಾನೂನಿನಲ್ಲಿ ಬೇರೆ ಬೇರೆ ಸ್ಥಾನ ಬರಬಹುದಾಗಿತ್ತು. ಇಬ್ಬರೂ ಬೆಳಿಗ್ಗೆ ಹೇಳುತ್ತಿದ್ದುದು ಒಂದೇ ನಮೋಕಾರ ಮಂತ್ರ.

ಸೋತವರಿಗೆ ಪುಸ್ತಕದ ನೆನಪಾಯಿತು. ಜುಗಮಂದರಲಾಲ ಜೈನಿಯವರು 1916ರಲ್ಲಿ ಭದ್ರಬಾಹು ಸಂಹಿತೆಯ ದಾಯಭಾಗವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಬ್ಯಾರಿಸ್ಟರ್ ಚಂಪತರಾಯ ಜೈನರು (1867–1942) ಭದ್ರಬಾಹು ಸಂಹಿತೆ, ಅರ್ಹನ್ನೀತಿ, ವರ್ಧಮಾನ ನೀತಿ, ಇಂದ್ರನಂದಿ ಜಿನಸಂಹಿತೆ ಮೊದಲಾದವುಗಳಿಂದ ವಚನಗಳನ್ನು ಸಂಗ್ರಹಿಸಿ 1926ರಲ್ಲಿ ಜೈನ ಕಾನೂನಿನ ಗ್ರಂಥವನ್ನೇ ರಚಿಸಿದರು. ಜೈನರು ತಮ್ಮ ಶಾಸ್ತ್ರಗಳನ್ನು ಭಂಡಾರಗಳಲ್ಲಿ ಮುಚ್ಚಿಟ್ಟು ನ್ಯಾಯಾಲಯಗಳ ಮುಂದೆ ತರದೆ ಹೋದದ್ದೇ ಈ ಅನರ್ಥಕ್ಕೆಲ್ಲ ಕಾರಣವೆಂದು ಅವರ ವ್ಯಥೆ. ಆ ವ್ಯಥೆ ನಿರಾಧಾರವಲ್ಲ. ಮೂಡುಬಿದಿರೆಯ ಧವಲಾದಿ ತಾಳೆಗರಿಯ ಪ್ರತಿಗಳಿಗೆ ಶತಮಾನಗಳ ಕಾಲ ದರ್ಶನ ಮಾತ್ರವಿತ್ತು, ಓದುವ ಅವಕಾಶವಿರಲಿಲ್ಲ. ಧವಲೆಯ ಮೊದಲ ಸಂಪುಟ ಹೀರಾಲಾಲ ಜೈನರ ಸಂಪಾದನೆಯಲ್ಲಿ ಅಚ್ಚಾದದ್ದು 1939ರಲ್ಲಿ. ಶಾಸ್ತ್ರಕ್ಕೆ ಅವಿನಯವಾಗಬಾರದೆಂಬ ಭಕ್ತಿ ಒಂದು ಕಡೆ. ಅದೇ ಭಕ್ತಿಯಿಂದ ಶಾಸ್ತ್ರವೇ ಇಲ್ಲದವರೆಂಬ ಅಪವಾದ ಇನ್ನೊಂದು ಕಡೆ.

ಆದರೆ ಚಂಪತರಾಯರ ಪ್ರಯತ್ನಕ್ಕೆ ಅಡ್ಡಿ ಬಂದದ್ದು ಹೊರಗಿನಿಂದಷ್ಟೇ ಅಲ್ಲ. ಪಂಡಿತ ಜುಗಲಕಿಶೋರ ಮುಖ್ತಾರರು ತಮ್ಮ ‘ಗ್ರಂಥಪರೀಕ್ಷಾ’ ಲೇಖನಮಾಲೆಯಲ್ಲಿ, ಭದ್ರಬಾಹುವಿನ ಹೆಸರಿನ ಈ ಸಂಹಿತೆ ಶ್ರುತಕೇವಲಿ ಭದ್ರಬಾಹುವಿನ ಕೃತಿಯಾಗಿರಲು ಸಾಧ್ಯವೇ ಇಲ್ಲ, ಅದು ಬಹಳ ಈಚಿನ ಸಂಕಲನ, ಇತರ ಮತಗಳ ಗ್ರಂಥಗಳಿಂದ ಎತ್ತಿಕೊಂಡ ಭಾಗಗಳೂ ಅದರಲ್ಲಿವೆ ಎಂದು ನಿಷ್ಠುರವಾಗಿ ತೋರಿಸಿದರು. ಸಮಾಜದ ಹಿತಕ್ಕಾಗಿ ಗ್ರಂಥವನ್ನು ಎತ್ತಿಹಿಡಿದವರೂ ಜೈನರೇ, ಸತ್ಯಕ್ಕಾಗಿ ಅದನ್ನು ಒಡೆದು ನೋಡಿದವರೂ ಜೈನರೇ. ಇವರಿಬ್ಬರಲ್ಲಿ ಮುಖ್ತಾರರ ಪಕ್ಷವೇ ಸತ್ಯಾಣುವ್ರತಕ್ಕೆ ಹತ್ತಿರವೆಂದು ನನ್ನ ಅಭಿಪ್ರಾಯ. ಆದರೆ ಇದರಿಂದ ವಿಧವೆಯ ಹಕ್ಕು ಸುಳ್ಳಾಗುವುದಿಲ್ಲ. ದಾಖೋ ಗೆದ್ದದ್ದು ಬದುಕಿದ್ದ ಜನರ ಸಾಕ್ಷ್ಯದಿಂದ. ರೂಢಿ ನಿಜವಾದದ್ದು, ಅದಕ್ಕೆ ತೊಡಿಸಿದ ಗ್ರಂಥದ ಅಂಗಿ ಮಾತ್ರ ಹೊಸದು ಎಂದು ತಿಳಿಯುವುದು ಯುಕ್ತ.

ಮದ್ರಾಸ್ ಉಚ್ಚ ನ್ಯಾಯಾಲಯದಲ್ಲಿ ಗಟ್ಟೆಪ್ಪ–ಏರಮ್ಮ ಪ್ರಕರಣವನ್ನು ವಿಚಾರಿಸಿದ ಕುಮಾರಸ್ವಾಮಿ ಶಾಸ್ತ್ರಿಗಳು (ಇದು 1927ರ ವರದಿಗಳಲ್ಲಿ ಪ್ರಕಟವಾಗಿದೆ), ಪ್ರಶ್ನೆ ಹೊಸದಾಗಿ ಬಂದಿದ್ದರೆ, ಜೈನರು ಹಿಂದೂ ಧರ್ಮದಿಂದ ಸಿಡಿದುಹೋದವರಲ್ಲ, ಸ್ಮೃತಿಗಳಿಗಿಂತ ಬಹಳ ಪ್ರಾಚೀನವಾದ ಇತಿಹಾಸವುಳ್ಳವರು ಎಂದೇ ತಾವು ನಿರ್ಣಯಿಸುತ್ತಿದ್ದೆವೆಂದು ಹೇಳಿದರು. ಆದರೆ ಪ್ರಶ್ನೆ ಹೊಸದಾಗಿರಲಿಲ್ಲ. ಹಿಂದಿನ ತೀರ್ಪುಗಳು ಕಟ್ಟಿಹಾಕಿದ್ದವು. ಅರವತ್ತು ವರ್ಷಗಳಷ್ಟು ತೀರ್ಪುಗಳು ಕೂಡಿಕೊಂಡು ತಾವೇ ಒಂದು ರೂಢಿಯಾಗಿಬಿಟ್ಟಿದ್ದವೆನ್ನಬೇಕು.

ತುಳುನಾಡಿನ ಜೈನರ ಕಥೆ ಇನ್ನೂ ವಿಚಿತ್ರ. ಅಲ್ಲಿ ಇಂದ್ರರೆಂಬ ಪುರೋಹಿತ ವರ್ಗವನ್ನು ಬಿಟ್ಟರೆ ಜೈನರಲ್ಲಿ ಬಹುಜನರು ಬಂಟರಂತೆಯೇ ಅಳಿಯಸಂತಾನದವರು. ಬಳಿಯು ತಾಯಿಯಿಂದ ಬರುತ್ತದೆ, ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಹರಿಯುತ್ತದೆ, ಕುಟುಂಬದ ಹಿರಿಯ ಗಂಡಸು ಯಜಮಾನ, ಹಿರಿಯಳು ಹೆಂಗಸಾದರೆ ಅವಳೇ ಯಜಮಾನ್ತಿ. ಪೋರ್ಚುಗೀಸರೊಡನೆ ಕಾದಾಡಿದ ಉಳ್ಳಾಲದ ಅಬ್ಬಕ್ಕ ಚೌಟ ರಾಣಿಯು ಪಟ್ಟವೇರಿದ್ದು ಈ ಕ್ರಮದಲ್ಲಿಯೇ. ಇದರ ಮೂಲವನ್ನು ಜನರು ಭೂತಾಳ ಪಾಂಡ್ಯನ ಐತಿಹ್ಯದಲ್ಲಿ ಕಾಣುತ್ತಾರೆ: ಕುಂಡೋದರನೆಂಬ ಭೂತಕ್ಕೆ ಅರಸನ ಪತ್ನಿ ತನ್ನ ಮಗನನ್ನು ಕೊಡಲೊಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಮುಂದಾದಳು, ಆದ್ದರಿಂದ ಅಳಿಯನಿಗೆ ರಾಜ್ಯ ಸಂದಿತು ಎಂದು. ಅವನ ಹೆಸರಿನಲ್ಲಿ ‘ಅಳಿಯಸಂತಾನದ ಕಟ್ಟುಕಟ್ಟಳೆ’ ಎಂಬ ಕನ್ನಡ ಗ್ರಂಥವೂ ಉಂಟು. ಅದು ತನ್ನ ಕಾಲವನ್ನು ಕ್ರಿಸ್ತಶಕದ ಮೊದಲ ಶತಮಾನಕ್ಕೆ ಒಯ್ಯುತ್ತದೆ. ಅಷ್ಟು ಪ್ರಾಚೀನತೆಯನ್ನು ವಿದ್ವಾಂಸರು ಒಪ್ಪಲಿಲ್ಲ. ಭದ್ರಬಾಹು ಸಂಹಿತೆಗೆ ಆದದ್ದೇ ಇದಕ್ಕೂ ಆಯಿತು.

1863ರಲ್ಲಿ ಮುಂಡಚೆಟ್ಟಿ–ತಿಮ್ಮಾಜು ಹೆಂಗಸು ಪ್ರಕರಣದಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು, ಅಳಿಯಸಂತಾನ ಕುಟುಂಬದ ಯಾವೊಬ್ಬ ಸದಸ್ಯನೂ ಪಾಲು ಕೊಡಿರೆಂದು ಬಲಾತ್ಕರಿಸುವಂತಿಲ್ಲವೆಂದು ನಿರ್ಣಯಿಸಿತು. ಎಲ್ಲರೂ ಒಪ್ಪಿದರೆ ಪಾಲು, ಒಬ್ಬರು ಒಪ್ಪದಿದ್ದರೂ ಇಲ್ಲ. ಮನೆಯ ಹಿರಿಯರು ಸಮಯಕ್ಕೆ ತಕ್ಕಂತೆ ಬಗ್ಗಿಸಬಹುದಾದ ನಡವಳಿಕೆಯು ತೀರ್ಪಿನ ಬಲದಿಂದ ಬಗ್ಗದ ಕಂಬಿಯಾಯಿತು. ಕುಟುಂಬಗಳು ಬೆಳೆದು, ಯಜಮಾನನ ಮೇಲೆ ದೂರು ಹೆಚ್ಚಿ, ಕೊನೆಗೆ 1949ರ ಮದ್ರಾಸ್ ಅಳಿಯಸಂತಾನ ಅಧಿನಿಯಮವೇ ಬಂದು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಡಬೇಕಾಯಿತು. ಕವರು ಎಂದರೆ ಒಬ್ಬ ಹೆಣ್ಣಿನಿಂದ ಹೆಣ್ಣಿನ ಸಾಲಿನಲ್ಲಿ ಇಳಿದುಬಂದ ಗುಂಪು. ಸಂತಾನ ಬೆಳೆಯುವ ಸಾಧ್ಯತೆಯಿಲ್ಲದ ನಿಸ್ಸಂತತಿ ಕವರಿಗೆ ಜೀವಾವಧಿಯ ಅನುಭೋಗ ಮಾತ್ರ ಎಂದು ಆ ಅಧಿನಿಯಮದ ಸೂಕ್ಷ್ಮ.

ತಾಯಿಯ ಬಳಿಯನ್ನು ಹಿಡಿದು ನಡೆಯುವ ಇನ್ನೊಂದು ಜನಾಂಗವು ಭೂಮಿಯ ಆಚೆ ಬದಿಯಲ್ಲಿ ಇದೇ ಕಷ್ಟವನ್ನು ಎದುರಿಸಿ ಬೇರೊಂದು ದಾರಿ ಕಂಡುಕೊಂಡಿದೆ. ಅಮೆರಿಕದ ಅರಿಜೋನ, ನ್ಯೂ ಮೆಕ್ಸಿಕೊ, ಯೂಟ ಸೀಮೆಗಳ ನವಾಹೊ ಜನರು ತಮ್ಮನ್ನು ದಿನೇ ಎಂದು ಕರೆದುಕೊಳ್ಳುತ್ತಾರೆ. ಅವರಲ್ಲಿ ಮಗುವು ತಾಯಿಯ ಕುಲಕ್ಕೆ ಸೇರುತ್ತದೆ. 1864ರಲ್ಲಿ ಅಮೆರಿಕದ ಸೇನೆಯು ಅವರನ್ನು ಮನೆಮಠ ಸುಟ್ಟು ನೂರಾರು ಮೈಲು ನಡೆಸಿಕೊಂಡು ಹೋಗಿ ಬಾಸ್ಕ್ ರೆಡೊಂಡೊ ಎಂಬಲ್ಲಿ ಕೂಡಿಹಾಕಿತು. ಪ್ರಿವಿ ಕೌನ್ಸಿಲ್ ರಾಮನಾಡಿನ ತೀರ್ಪು ಕೊಟ್ಟ ಅದೇ 1868ರಲ್ಲಿ ಒಪ್ಪಂದವಾಗಿ ಅವರು ತಮ್ಮ ನೆಲಕ್ಕೆ ಮರಳಿದರು. 1892ರಲ್ಲಿ ಸರಕಾರವು ಅಲ್ಲಿ ತನ್ನ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿತು. ಬುಡಕಟ್ಟಿನ ಆಚಾರಗಳನ್ನು ಬಿಡಿಸುವುದು ಇಂಥ ನ್ಯಾಯಾಲಯಗಳ ಉದ್ದೇಶಗಳಲ್ಲೊಂದು.

1959ರಲ್ಲಿ ನವಾಹೊ ಜನರು ನ್ಯಾಯಾಲಯಗಳನ್ನು ತಮ್ಮ ಕೈಗೆ ತೆಗೆದುಕೊಂಡರು. 1982ರಲ್ಲಿ ಅವರ ನ್ಯಾಯಾಧೀಶರೇ ಸೇರಿ ಶಾಂತಿಕಾರರ ನ್ಯಾಯಾಲಯವೊಂದನ್ನು ಆರಂಭಿಸಿದರು. ಊರವರು ಗೌರವಿಸುವ ಹಿರಿಯರೊಬ್ಬರ ಮುಂದೆ ವಾದಿ, ಪ್ರತಿವಾದಿ, ಇಬ್ಬರ ಬಂಧುಗಳು ಕೂಡುತ್ತಾರೆ, ಪ್ರಾರ್ಥನೆಯಿಂದ ಆರಂಭ, ಎಲ್ಲರಿಗೂ ಮಾತನಾಡುವ ಅವಕಾಶ, ಕೊನೆಗೆ ಕೆಟ್ಟದ್ದನ್ನು ಸರಿಪಡಿಸಲು ಕೊಡತಕ್ಕ ಪರಿಹಾರದ ನಿಶ್ಚಯ. ಅದನ್ನು ಅವರ ಭಾಷೆಯಲ್ಲಿ ನಾಲ್ಯೇ ಎನ್ನುತ್ತಾರೆ. ದಂಡನೆಗಿಂತ ಹೋಜೊ, ಎಂದರೆ ಎಲ್ಲವೂ ತಮ್ಮ ತಮ್ಮ ನೆಲೆಯಲ್ಲಿ ಹೊಂದಿಕೊಂಡಿರುವ ಸ್ಥಿತಿಯನ್ನು ಮರಳಿ ಪಡೆಯುವುದೇ ಗುರಿ. 1992ರಿಂದ 2003ರವರೆಗೆ ಅವರ ಮುಖ್ಯ ನ್ಯಾಯಾಧೀಶರಾಗಿದ್ದ ರಾಬರ್ಟ್ ಯಾಜಿಯವರು ಪಾಶ್ಚಾತ್ಯ ನ್ಯಾಯವನ್ನು ಮೇಲಿನಿಂದ ಕೆಳಗೆ ಇಳಿಯುವ ನ್ಯಾಯವೆಂದೂ ತಮ್ಮದನ್ನು ಸಮತಲದಲ್ಲಿ ಹರಡುವ ನ್ಯಾಯವೆಂದೂ ವರ್ಣಿಸಿದ್ದಾರೆ. ಬುಕ್ಕರಾಯನು ಕೈ ಹಿಡಿಸಿದ ದೃಶ್ಯ ಇದನ್ನು ಓದುವಾಗ ನೆನಪಾಗದಿರದು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ರೂಢಿಯ ಪುರಾವೆಯನ್ನು ಕುರಿತ ಅವರ ಕ್ರಮ. ನವಾಹೊ ನ್ಯಾಯಾಲಯಗಳೂ ರೂಢಿಯನ್ನು ಸುಮ್ಮನೆ ನಂಬುವುದಿಲ್ಲ. ಅವರ ಉಚ್ಚತಮ ನ್ಯಾಯಾಲಯವು ಬೆಲೋನ್ ಎಂಬವರ ಆಸ್ತಿಯ ಪ್ರಕರಣದಲ್ಲಿ 1987ರಲ್ಲಿ, ರೂಢಿಯನ್ನು ಅವಲಂಬಿಸುವವನು ಅದನ್ನು ಸ್ಪಷ್ಟವಾಗಿ ಹೇಳಿ, ತನ್ನ ಹಕ್ಕಿಗೆ ಅದು ಹೇಗೆ ಆಧಾರವೆಂದು ತೋರಿಸಬೇಕೆಂದು ವಿಧಿಸಿತು. ಆದರೆ ಹಿಂದಿನ ತೀರ್ಪು, ವಿದ್ವತ್ ಗ್ರಂಥ, ಬಲ್ಲವರ ಸಾಕ್ಷ್ಯ ಇವುಗಳ ಜೊತೆಗೆ, ಎಲ್ಲರಿಗೂ ತಿಳಿದ ರೂಢಿಯನ್ನು ನ್ಯಾಯಾಧೀಶರು ಪುರಾವೆ ಕೇಳದೆಯೇ ಗ್ರಹಿಸಬಹುದು. ಸಂದೇಹ ಬಂದರೆ ಆಚಾರ ಬಲ್ಲ ಸಲಹೆಗಾರರನ್ನು ನ್ಯಾಯಾಲಯವೇ ಕರೆಸಿ ಕೇಳಬಹುದು. ನ್ಯಾಯಾಧೀಶರು ಅದೇ ಭಾಷೆಯವರು, ಅವರ ತಾಯಿಗೂ ಒಂದು ಕುಲವಿದೆ; ಆದ್ದರಿಂದ ಇದು ಸಾಧ್ಯ. 2002ರಲ್ಲಿ ಅವರ ಪರಿಷತ್ತು ದಿನೇ ಮೂಲಧರ್ಮವನ್ನು ತಮ್ಮ ಕಾನೂನು ಸಂಹಿತೆಗೇ ಸೇರಿಸಿತು. ಪುಸ್ತಕ ಅವರಿಗೂ ತಪ್ಪಲಿಲ್ಲವೆಂದಾಯಿತು. ಆದರೆ ನ್ಯಾಯಪೀಠ ಅವರ ಕೈಗೆ ಬಂದ ಮೇಲೆ ಬಂದ ಪುಸ್ತಕವದು. ಚಂಪತರಾಯರಿಗೆ ಆ ಅನುಕೂಲವಿರಲಿಲ್ಲ.

ಅವರ ಕ್ರಮವನ್ನು ಅತಿಯಾಗಿ ಹೊಗಳುವುದೂ ಸಲ್ಲದು. ಗಂಭೀರ ಅಪರಾಧಗಳು 1885ರ ಶಾಸನದಿಂದಲೇ ಸಂಯುಕ್ತ ಸರಕಾರದ ನ್ಯಾಯಾಲಯಗಳ ವ್ಯಾಪ್ತಿಗೆ ಹೋದವು. ಗಂಡನಿಂದ ಪೆಟ್ಟು ತಿಂದ ಹೆಂಗಸನ್ನು ಬಂಧುಗಳ ಮುಂದೆ ಕೂರಿಸಿ ಹೊಂದಿಕೊಂಡು ಹೋಗೆಂದು ಒತ್ತಾಯಿಸುವ ಅಪಾಯವನ್ನು ಅಲ್ಲಿನ ವಿಚಾರವಂತರೇ ಎತ್ತಿ ತೋರಿಸಿದ್ದಾರೆ. ನಮ್ಮ ಪಂಚಾಯಿತಿಗಳಲ್ಲೂ ಬಡವನಿಗೊಂದು, ಬಲ್ಲಿದನಿಗೊಂದು ನ್ಯಾಯ ಆಗುತ್ತಿದ್ದುದನ್ನು, ಸಣ್ಣ ಕಾರಣಕ್ಕೆ ಬಹಿಷ್ಕಾರ ಹಾಕುತ್ತಿದ್ದುದನ್ನು ಹಿರಿಯರ ಬಾಯಲ್ಲಿ ಕೇಳದವರು ಯಾರು?

1956ರಲ್ಲಿ ದೃಶ್ಯ ಬದಲಾಯಿತು. ಹಿಂದೂ ಉತ್ತರಾಧಿಕಾರ ಅಧಿನಿಯಮವು ಜೈನರಿಗೂ ಅನ್ವಯವಾಗಿ, ಅದರ 14ನೆಯ ಕಲಮು ಸ್ತ್ರೀಯ ಆಸ್ತಿಗೆ ಪೂರ್ಣ ಒಡೆತನ ಕೊಟ್ಟಿತು. ದಾಖೋ ಲಂಡನ್ನಿನವರೆಗೆ ಹೋಗಿ ಪಡೆದ ಹಕ್ಕು ಎಲ್ಲ ಹಿಂದೂ ವಿಧವೆಯರಿಗೂ ಶಾಸನದಿಂದಲೇ ದೊರೆಯಿತು. ಅದೇ ವರ್ಷದ ದತ್ತಕ ಅಧಿನಿಯಮವು ವಿಧವೆಗೆ ಸ್ವತಂತ್ರ ಅಧಿಕಾರ ಕೊಟ್ಟಿತು. ರೂಢಿಯ ಮಾತು ಮುಗಿಯಿತೆಂದು ಅನೇಕರು ತಿಳಿದರು. ಆದರೆ ಅದರ 10ನೆಯ ಕಲಮಿನಲ್ಲಿ, ವಿವಾಹಿತರನ್ನೂ ಹದಿನೈದು ವರ್ಷ ತುಂಬಿದವರನ್ನೂ ದತ್ತಕ ಕೊಡಲಾಗದು, ಅನುಮತಿಸುವ ರೂಢಿಯಿದ್ದರೆ ಹೊರತು ಎಂದಿದೆ. ಆ ಸಣ್ಣ ಬಾಗಿಲಿನಿಂದ ರೂಢಿಯು ಇಂದಿಗೂ ನ್ಯಾಯಾಲಯಕ್ಕೆ ಬರುತ್ತದೆ, ಬಂದಾಗಲೆಲ್ಲ ನಿದರ್ಶನ ಕೇಳುತ್ತಾರೆ. 1962ರಲ್ಲಿ ಮುನ್ನಾಲಾಲ್–ರಾಜಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮಧ್ಯಪ್ರದೇಶದ ಪೋರವಾಲ ದಿಗಂಬರ ಜೈನ ವಿಧವೆಯ ಹಳೆಯ ದತ್ತಕವನ್ನು ಎತ್ತಿಹಿಡಿಯುತ್ತ, ಪದೇ ಪದೇ ನ್ಯಾಯಾಲಯಗಳ ಮನ್ನಣೆ ಪಡೆದ ರೂಢಿಯನ್ನು ಪ್ರತಿಸಲವೂ ಹೊಸದಾಗಿ ಸಿದ್ಧಪಡಿಸಬೇಕಾಗಿಲ್ಲವೆಂಬ ತತ್ತ್ವವನ್ನು ಅಂಗೀಕರಿಸಿತು.

ಆಸ್ತಿಯ ಪ್ರಶ್ನೆ ಹಿಂದೆ ಸರಿದು ಈಗ ಆಚಾರದ ಪ್ರಶ್ನೆ ಮುಂದೆ ಬಂದಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮಾನವಾಗಿ ಪರಿಗಣಿಸಿ, ಅದು ಜೈನ ಧರ್ಮದ ಅತ್ಯಾವಶ್ಯಕ ಆಚಾರವೆಂಬುದು ಸಿದ್ಧವಾಗಿಲ್ಲವೆಂದು ಹೇಳಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆ ನೀಡಿತು. ಸಿದ್ಧವಾಗಿಲ್ಲ ಎಂಬ ಮಾತನ್ನು ಓದಿದಾಗ 1892ರ ಮದ್ರಾಸ್ ತೀರ್ಪು ಕಣ್ಣಮುಂದೆ ಬಂದಿತು. ಆದರೆ ಈ ವಿಷಯದಲ್ಲಿ ಕನ್ನಡ ನಾಡಿನವರು ಬರಿಗೈಯಲ್ಲಿಲ್ಲ. 1889ರಲ್ಲಿ ಬಿ.ಎಲ್. ರೈಸರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಪ್ರಕಟಿಸಿದ ಶ್ರವಣಬೆಳಗೊಳದ ಶಾಸನ ಸಂಪುಟಗಳಲ್ಲಿ, ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು ಕ್ರಿ.ಶ. 600ರಿಂದ ಮೊದಲ್ಗೊಂಡು ಕೆತ್ತಿದ ನಿಸಿದಿಗೆಯ ಬರಹಗಳಿವೆ. ಮುನಿಗಳು, ಕಂತಿಯರು, ಗೃಹಸ್ಥರು, ಗೃಹಿಣಿಯರು. ಇಂಥವರ ಶಿಷ್ಯರು, ಇಂಥ ಊರಿನವರು, ಕೆಲವೆಡೆ ಇಷ್ಟು ದಿನ ನೋಂತು ದೇಹ ಬಿಟ್ಟರು ಎಂದು ಒಬ್ಬೊಬ್ಬರ ಹೆಸರು ಹಿಡಿದು ಬರೆದಿದ್ದಾರೆ. ಸಾಕ್ಷ್ಯ ಅಧಿನಿಯಮದ 13ನೆಯ ಕಲಮು ಕೇಳುತ್ತಿದ್ದ ನಿರ್ದಿಷ್ಟ ನಿದರ್ಶನಗಳೆಂದರೆ ಇಂಥವೇ.